ಹೆಣಿಗೆಯ ವಿದ್ಯೆ: ಆಫ್ರಿಕಾ ಮೂಲದ ಗುಂಗುರು ಕೂದಲಿನ ಚರಿತ್ರೆ

ಪಶ್ಚಿಮ ಆಫ್ರಿಕಾದ ಜನರ ಹಾಗೂ ಅಲ್ಲಿಂದ ಗುಲಾಮರಾಗಿ ಅಟ್ಲಾಂಟಿಕ್ ಸಾಗರದಾಚೆಗೆ ಒಯ್ಯಲಾದವರ ಸಂತತಿಯ ಕೇಶವಿನ್ಯಾಸಗಳನ್ನು ಅಲಂಕಾರದ ಚರಿತ್ರೆಯಾಗಿಯೋ ಅಸ್ಮಿತೆಯ ಚರಿತ್ರೆಯಾಗಿಯೋ ಬರೆಯುವುದು ರೂಢಿಯಾಗಿದೆ. ಎರಡಕ್ಕೂ ಆಧಾರಗಳು ಧಾರಾಳವಾಗಿವೆ. ಆದರೆ ಅವೆರಡಕ್ಕೂ ಮೊದಲು ಅದು ಒಂದು ಕಸುಬಿನ ಚರಿತ್ರೆ. ಬಿಗಿಯಾಗಿ ಸುರುಳಿಗೊಳ್ಳುವ ಕೂದಲು ಹೇಗೆ ಬೆಳೆಯುತ್ತದೆ, ಎಲ್ಲಿ ಮುರಿಯುತ್ತದೆ, ಎಷ್ಟು ದಿನ ಮುಟ್ಟದೆ ಬಿಟ್ಟರೆ ಉಳಿಯುತ್ತದೆ ಎಂಬುದನ್ನು ಬೆರಳುಗಳಿಂದಲೇ ಕಲಿತು ಒಂದು ತಲೆಮಾರು ಇನ್ನೊಂದಕ್ಕೆ ದಾಟಿಸಿದ ವಿದ್ಯೆಯ ಚರಿತ್ರೆ ಅದು. ಈ ವಿದ್ಯೆಯ ಗಂಧಗಾಳಿಯೂ ಇಲ್ಲದ ಆಡಳಿತಗಾರರು, ಮಾಲೀಕರು, ನ್ಯಾಯಾಧೀಶರು ಅದರ ಮೇಲೆ ಮತ್ತೆ ಮತ್ತೆ ತೀರ್ಪು ಕೊಟ್ಟಿದ್ದಾರೆ. ಕೂದಲು ಹುಟ್ಟಿನಿಂದ ಬಂದದ್ದು, ಹೆಣಿಗೆ ಬೇಕೆಂದು ಮಾಡಿಕೊಂಡದ್ದು, ಆದ್ದರಿಂದ ಮೊದಲನೆಯದನ್ನು ಸಹಿಸಿಕೊಂಡರೂ ಎರಡನೆಯದನ್ನು ನಿಷೇಧಿಸಬಹುದು ಎಂಬ ಎಣಿಕೆ ಆ ತೀರ್ಪುಗಳ ತಳದಲ್ಲಿ ಕಾಣುತ್ತದೆ. ಈ ಎಣಿಕೆ ಎಷ್ಟು ತಪ್ಪು ಎಂಬುದು ತಿಳಿಯಬೇಕಾದರೆ ಕೂದಲಿನಿಂದಲೇ ಆರಂಭಿಸಬೇಕಾಗುತ್ತದೆ.

ಕೂದಲು ಹುಟ್ಟುವುದು ಚರ್ಮದೊಳಗಿನ ಚೀಲದಂಥ ರಚನೆಯಲ್ಲಿ. ಅದನ್ನು ಕೇಶಕೂಪ ಎನ್ನುತ್ತಾರೆ. ನೇರ ಕೂದಲಿನವರಲ್ಲಿ ಈ ಕೂಪ ಬಹುಮಟ್ಟಿಗೆ ನೆಟ್ಟಗಿದ್ದು, ಅದರಿಂದ ಹೊರಬರುವ ಎಳೆಯ ಅಡ್ಡಕೊಯ್ತ ದುಂಡಗಿರುತ್ತದೆ. ಆಫ್ರಿಕಾ ಮೂಲದ ಬಹುಪಾಲು ಜನರಲ್ಲಿ ಕೂಪವು ಕೊಕ್ಕೆಯಾಕಾರದಲ್ಲಿ ಬಾಗಿದ್ದು, ಎಳೆಯು ಚಪ್ಪಟೆಯಾಗಿ, ನೆತ್ತಿಯಿಂದ ಹೊರಬರುತ್ತಲೇ ಸುತ್ತಿಕೊಳ್ಳುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗದಲ್ಲಿ ನೆಲೆಸಿರುವ, ಪೋರ್ಚುಗೀಸರ ಕಾಲದ ಗೋವೆಯ ಮೂಲಕ ಪೂರ್ವಜರು ಇಲ್ಲಿಗೆ ಬಂದ ಸಿದ್ದಿ ಸಮುದಾಯದವರಿಂದಾಗಿ ಕನ್ನಡಿಗರಿಗೂ ಈ ಕೂದಲಿನ ಪರಿಚಯವಿದೆ. ಇಂಥ ಕೂದಲಿನ ಗುಣಗಳಲ್ಲಿ ಮೂರು ಇಲ್ಲಿ ಮುಖ್ಯವಾದವು. ನೆತ್ತಿಯ ಚರ್ಮ ಸ್ರವಿಸುವ ಎಣ್ಣೆಯ ಅಂಶ ನೇರ ಎಳೆಯ ಗುಂಟ ತುದಿಯವರೆಗೆ ಇಳಿಯುತ್ತದಾದರೂ ಸುರುಳಿಯ ಗುಂಟ ಇಳಿಯಲಾರದು, ಆದ್ದರಿಂದ ತುದಿಗಳು ಒಣಗುತ್ತವೆ. ಪ್ರತಿಯೊಂದು ತಿರುವೂ ಎಳೆಯ ದುರ್ಬಲ ಜಾಗವಾದ್ದರಿಂದ ಒಣಗಿದ ಕೂದಲನ್ನು ದಿನವೂ ಬಾಚಿದರೆ ಅದು ತಿರುವಿನಲ್ಲೇ ತುಂಡಾಗುತ್ತದೆ. ಇನ್ನು, ಎಳೆದು ಹಿಡಿದಾಗ ಭುಜ ಮುಟ್ಟುವ ಕೂದಲು ಬಿಟ್ಟೊಡನೆ ಸುರುಳಿಗೊಂಡು ಅರ್ಧಕ್ಕಿಂತಲೂ ಗಿಡ್ಡವಾಗಿ ಕಾಣುತ್ತದೆ. ಈ ಕೂದಲು ಬೆಳೆಯುವುದೇ ಇಲ್ಲವೆಂಬ ತಪ್ಪು ನಂಬಿಕೆಗೆ ಕಾರಣವಾದದ್ದು ಇದೇ ಕುಗ್ಗುವಿಕೆ. ಕೂದಲನ್ನು ಹಸಿಯಾಗಿಟ್ಟು, ಎಣ್ಣೆ ಹಚ್ಚಿ, ಸಣ್ಣ ಪಾಲುಗಳಾಗಿ ವಿಂಗಡಿಸಿ, ತುದಿಗಳನ್ನು ಒಳಗೆ ಸೇರಿಸಿ ಹೆಣೆದು, ವಾರಗಟ್ಟಲೆ ಬಾಚಣಿಗೆ ತಾಗಿಸದೆ ಬಿಡುವುದು ಈ ಮೂರೂ ತೊಂದರೆಗಳಿಗೆ ಏಕಕಾಲಕ್ಕೆ ಉತ್ತರವಾಗುತ್ತದೆ. ಇಂದು ರಕ್ಷಕ ವಿನ್ಯಾಸ ಎಂದು ಕರೆಯುವ ವರ್ಗದ ಎಲ್ಲ ಹೆಣಿಗೆಗಳ ಹಿಂದಿರುವ ತತ್ವ ಇದು.

ಈ ತತ್ವವನ್ನು ಅತ್ಯಂತ ಸೂಕ್ಷ್ಮವಾಗಿ ಬೆಳೆಸಿದ ಜನರಲ್ಲಿ ಇಂದಿನ ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರು ಪ್ರಮುಖರು. ಅವರ ಚಿಂತನೆಯಲ್ಲಿ ತಲೆ, ಅಂದರೆ ಒರಿ, ದೇಹದ ಒಂದು ಅಂಗ ಮಾತ್ರವಲ್ಲ, ಮನುಷ್ಯನ ವಿಧಿ ನೆಲೆಸಿರುವ ಸ್ಥಾನ. ಹಾಗಾಗಿ ತಲೆಯನ್ನು ಒಪ್ಪವಾಗಿಡುವುದು ಬರಿಯ ಶಿಸ್ತಿನ ವಿಷಯವಾಗಿರಲಿಲ್ಲ. ಒನಿದಿರಿ ಎಂಬ ಹೆಸರಿನ ಜಡೆ ಹೆಣೆಯುವ ಕಸುಬುದಾರಳಿಗೆ ಸಮಾಜದಲ್ಲಿ ಗೌರವದ ಸ್ಥಾನವಿತ್ತು, ನದೀದೇವತೆಯಾದ ಓಶುನಳೊಂದಿಗೆ ಬಾಚಣಿಗೆಯೂ ಕೇಶಾಲಂಕಾರವೂ ಸೇರಿಕೊಂಡಿದ್ದವು. ಯೊರುಬಾ ಕೇಶವಿದ್ಯೆಯಲ್ಲಿ ಎರಡು ಮುಖ್ಯ ಶಾಖೆಗಳಿವೆ. ಕೂದಲನ್ನು ಕೂದಲಿನೊಂದಿಗೇ ಹೆಣೆಯುವುದು ಇರುನ್ ದಿದಿ. ಕೂದಲಿನ ಪಾಲುಗಳಿಗೆ ಬುಡದಿಂದ ತುದಿಯವರೆಗೆ ಕಪ್ಪು ದಾರವನ್ನು ಸುತ್ತುವುದು ಇರುನ್ ಕಿಕೊ. ಮೊದಲ ಶಾಖೆಯಲ್ಲಿ ಹಣೆಯಿಂದ ಹೊರಟು ಹಿಂದಕ್ಕೆ ಸಾಗಿ ಕುತ್ತಿಗೆಯ ಬಳಿ ಮುಗಿಯುವ ಸಾಲುಗಳಿಗೆ ಕೊಲೆಸೆ ಎಂದೂ, ಸುತ್ತಲಿಂದ ನೆತ್ತಿಗೆ ಏರಿ ಬುಟ್ಟಿಯಾಕಾರದಲ್ಲಿ ಒಂದಾಗುವ ಸಾಲುಗಳಿಗೆ ಶುಕು ಎಂದೂ, ಎರಡೂ ಪಕ್ಕಗಳಿಂದ ಬಂದು ಚಪ್ಪಾಳೆಯ ಕೈಗಳಂತೆ ನಡುವೆ ಕೂಡುವ ಸಾಲುಗಳಿಗೆ ಪಾತೆವೋ ಎಂದೂ ಹೆಸರು. ಗುಡುಗಿನ ದೇವತೆಯಾದ ಶಾಂಗೋನ ಪುರುಷ ಅರ್ಚಕರು ದೇವರ ವಧುಗಳೆಂಬ ಭಾವದಿಂದ ಹೆಂಗಸರಂತೆ ಜಡೆ ಹೆಣೆಸಿಕೊಳ್ಳುತ್ತಿದ್ದುದು ಈ ಹೆಣಿಗೆಗಳಿಗಿದ್ದ ಅರ್ಥದ ಆಳವನ್ನು ಸೂಚಿಸುತ್ತದೆ.

ಮುಂದೆ ಅಮೆರಿಕದಲ್ಲಿ ಕಾರ್ನ್‌ರೋ ಎಂದೂ ಕೆರಿಬಿಯನ್ ದ್ವೀಪಗಳಲ್ಲಿ ಕೇನ್‌ರೋ ಎಂದೂ ಹೆಸರಾದ, ನೆತ್ತಿಗೆ ಅಂಟಿಕೊಂಡೇ ಸಾಗುವ ಸಾಲುಹೆಣಿಗೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಹೆಣೆಯುವವಳು ಬಾಚಣಿಗೆಯ ಚೂಪಾದ ಬಾಲದಿಂದ ಎರಡು ಬೈತಲೆಗಳನ್ನು ತೆಗೆದು, ಅವುಗಳ ನಡುವಿನ ಕೂದಲನ್ನಷ್ಟೇ ಹೊರಗಿಟ್ಟು ಉಳಿದದ್ದನ್ನು ಪಕ್ಕಕ್ಕೆ ಕಟ್ಟುತ್ತಾಳೆ. ಹಣೆಯ ಅಂಚಿನಲ್ಲಿ ಚಿಟಿಕೆಯಷ್ಟು ಕೂದಲನ್ನು ಹಿಡಿದು ಮೂರು ಎಳೆ ಮಾಡಿ, ಪಕ್ಕದ ಎಳೆಯನ್ನು ನಡುವಿನ ಎಳೆಯ ಮೇಲಿನಿಂದಲ್ಲದೆ ಕೆಳಗಿನಿಂದ ದಾಟಿಸುತ್ತಾಳೆ. ಹಾಗೆ ದಾಟಿಸಿದಾಗಲೇ ಜಡೆ ನೆತ್ತಿಯ ಮೇಲೆ ಉಬ್ಬಿ ನಿಲ್ಲುತ್ತದೆ. ಪ್ರತಿಯೊಂದು ದಾಟಿಗೂ ಬೆರಳ ತುದಿಯಿಂದ ಕೆಳಗಿನ ಕೂದಲನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಸೇರಿಸಿಕೊಳ್ಳುತ್ತ ಹೋಗುವುದರಿಂದ ಸಾಲು ಬುಡಕ್ಕೆ ಅಂಟಿಕೊಂಡೇ ಮುಂದುವರಿಯುತ್ತದೆ. ಎಳೆತ ಹೆಚ್ಚಾದರೆ ಹಣೆಯಂಚಿನ ನವಿರಾದ ಕೂದಲು ಬುಡಸಹಿತ ಕಿತ್ತುಬರುತ್ತದೆ, ಕಡಿಮೆಯಾದರೆ ಕೆಲವೇ ದಿನಗಳಲ್ಲಿ ಸಾಲು ಸಡಿಲಗೊಳ್ಳುತ್ತದೆ. ಇವೆರಡರ ನಡುವಿನ ಹದ ಕೈಗೆ ಹತ್ತುವುದಕ್ಕೆ ವರ್ಷಗಳೇ ಬೇಕು. ನೇರ ಕೂದಲಿನಲ್ಲಿ ಇದೇ ಹೆಣಿಗೆ ಬೇಗ ಜಾರಿ ಬಿಚ್ಚಿಕೊಂಡರೆ, ಗುಂಗುರು ಕೂದಲಿನಲ್ಲಿ ಸುರುಳಿಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ತುದಿಗೆ ದಾರ ಕಟ್ಟದಿದ್ದರೂ ಹಲವು ವಾರ ನಿಲ್ಲುತ್ತದೆ. ದಾರ ಸುತ್ತುವ ಶಾಖೆಯದು ಇನ್ನೊಂದು ಬಗೆಯ ಜಾಣ್ಮೆ: ಸುತ್ತಿದ ದಾರ ಸುರುಳಿಯನ್ನು ಬಿಸಿಯ ಸೋಂಕಿಲ್ಲದೆ ನೆಟ್ಟಗೆ ಹಿಗ್ಗಿಸಿಡುತ್ತದೆ, ಬಿಚ್ಚಿದಾಗ ಕೂದಲು ತನ್ನ ನಿಜವಾದ ಉದ್ದವನ್ನು ತೋರಿಸುತ್ತದೆ, ದಾರ ಗಟ್ಟಿಯಾಗಿದ್ದರೆ ಪಾಲುಗಳನ್ನು ಬಾಗಿಸಿ ಕಮಾನು, ಗೋಪುರಗಳಂಥ ಆಕಾರಗಳನ್ನೂ ಕಟ್ಟಬಹುದು.

ಈ ಕಮಾನು ಗೋಪುರಗಳು ಇಂದು ನೋಡಸಿಗುವುದಕ್ಕೆ ಬಹುಮಟ್ಟಿಗೆ ನೈಜೀರಿಯಾದ ಛಾಯಾಗ್ರಾಹಕ ಜೆ. ಡಿ. ಒಖಾಯ್ ಒಜೆಯ್ಕೆರೆ ಕಾರಣ. 1930ರಲ್ಲಿ ಜನಿಸಿ 2014ರಲ್ಲಿ ನಿಧನರಾದ ಅವರು 1968ರಿಂದ ದಶಕಗಳ ಕಾಲ ಮದುವೆಗಳಲ್ಲಿ, ಬೀದಿಗಳಲ್ಲಿ, ಕಚೇರಿಗಳಲ್ಲಿ ಕಂಡ ಹೆಂಗಸರ ಕೇಶವಿನ್ಯಾಸಗಳನ್ನು ಕಪ್ಪು-ಬಿಳುಪಿನಲ್ಲಿ, ಹೆಚ್ಚಾಗಿ ಹಿಂದುಗಡೆಯಿಂದ, ಶಿಲ್ಪಗಳನ್ನು ತೆಗೆಯುವ ಶ್ರದ್ಧೆಯಿಂದ ಚಿತ್ರಿಸಿದರು. ಸುಮಾರು ಒಂದು ಸಾವಿರ ಚಿತ್ರಗಳ ಆ ಸಂಗ್ರಹದಲ್ಲಿ ಹಳೆಯ ಹೆಣಿಗೆಗಳ ಜೊತೆಗೆ, ಸ್ವಾತಂತ್ರ್ಯಾನಂತರದ ಲಾಗೋಸ್ ನಗರದ ಎತ್ತರದ ಕಟ್ಟಡಗಳ ಹೆಸರು ಹೊತ್ತ ಹೊಸ ವಿನ್ಯಾಸಗಳೂ ಸೇರಿವೆ. ಪರಂಪರೆಯೆಂದರೆ ಬದಲಾಗದೆ ನಿಂತದ್ದು ಎಂದು ಭಾವಿಸುವವರಿಗೆ ಈ ಚಿತ್ರಗಳಿಗಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

ಗುಲಾಮರ ವ್ಯಾಪಾರ ಈ ವಿದ್ಯೆಯ ಬುಡಕ್ಕೇ ಕೈ ಹಾಕಿತು. ಸೆರೆಸಿಕ್ಕವರನ್ನು ಹಡಗು ಹತ್ತಿಸುವ ಮೊದಲು ತಲೆ ಬೋಳಿಸುವ ರೂಢಿ ವ್ಯಾಪಕವಾಗಿತ್ತು. ಶುಚಿತ್ವದ ನೆಪ ಏನೇ ಇರಲಿ, ಕುಲ, ವಯಸ್ಸು, ಸ್ಥಾನಮಾನಗಳನ್ನು ತಲೆಯ ಮೇಲೆಯೇ ಹೊತ್ತವರ ಪಾಲಿಗೆ ಅದು ಹೆಸರು ಅಳಿಸಿದಂತೆಯೇ ಆಗಿತ್ತು. ತೋಟಗಳಲ್ಲಿ ಹಗಲಿಡೀ ದುಡಿಯುತ್ತಿದ್ದವರಿಗೆ ಅಗಲ ಹಲ್ಲಿನ ಮರದ ಬಾಚಣಿಗೆಯಿರಲಿಲ್ಲ, ತಾಳೆ ಎಣ್ಣೆಯಿರಲಿಲ್ಲ, ಒಬ್ಬರ ತಲೆಗೆ ಇನ್ನೊಬ್ಬರು ಗಂಟೆಗಟ್ಟಲೆ ಕೂತು ಹೆಣೆಯುವ ಬಿಡುವಿರಲಿಲ್ಲ. ಕುರಿಯ ಉಣ್ಣೆಯನ್ನು ಹಿಂಜುವ ಹಣಿಗೆಯಿಂದ ಸಿಕ್ಕು ಬಿಡಿಸಿಕೊಂಡು, ಹಂದಿಯ ಕೊಬ್ಬನ್ನೋ ಬೆಣ್ಣೆಯನ್ನೋ ಎಣ್ಣೆಯ ಬದಲಿಗೆ ಹಚ್ಚಿಕೊಂಡು, ವಾರವಿಡೀ ಕೂದಲಿನ ಪಾಲುಗಳಿಗೆ ಹತ್ತಿಯ ದಾರವನ್ನೋ ಬಟ್ಟೆಯ ಚೂರನ್ನೋ ಸುತ್ತಿ ಮೇಲೆ ವಸ್ತ್ರ ಕಟ್ಟಿ, ಕೆಲಸವಿಲ್ಲದ ಭಾನುವಾರ ಅದನ್ನು ಬಿಚ್ಚುತ್ತಿದ್ದುದನ್ನು, 1930ರ ದಶಕದ ಕೊನೆಯಲ್ಲಿ ಅಮೆರಿಕ ಸರ್ಕಾರದ ಯೋಜನೆಯೊಂದು ದಾಖಲಿಸಿದ ಮಾಜಿ ಗುಲಾಮರ ನೆನಪುಗಳಲ್ಲಿ ಕಾಣಬಹುದು. ಆ ದಾರ ಸುತ್ತುವಿಕೆಯು ಇರುನ್ ಕಿಕೊದಂಥ ಪಶ್ಚಿಮ ಆಫ್ರಿಕಾದ ವಿದ್ಯೆಗೆ ಎಷ್ಟು ಹತ್ತಿರದ್ದೆಂಬುದನ್ನು ಗಮನಿಸಿದರೆ, ಉಪಕರಣಗಳೆಲ್ಲ ಹೋದರೂ ಕೈಯ ತಿಳಿವಳಿಕೆ ಉಳಿದುಕೊಂಡಿತ್ತೆಂದು ಹೇಳಲು ಅಡ್ಡಿಯಿಲ್ಲ. ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ, ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯಾದ ಮರೂನ್ ಜನರು, ತಮ್ಮ ಪೂರ್ವಜೆಯರು ಭತ್ತದ ಕಾಳುಗಳನ್ನು ಜಡೆಯೊಳಗೆ ಬಚ್ಚಿಟ್ಟು ತಂದರೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಕಥೆಯೆಂಬ ಎಚ್ಚರವನ್ನು ಇಟ್ಟುಕೊಂಡೂ ಒಂದು ಮಾತು ಹೇಳಬಹುದು: ಬಿಗಿಯಾದ ಸಾಲುಹೆಣಿಗೆಯೊಳಗೆ ಕಾಳು ನಿಲ್ಲುತ್ತದೆಂಬುದು ಆ ಹೆಣಿಗೆಯನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಸಂಗತಿ.

ಕೂದಲಿನ ಮೇಲೆ ನೇರವಾಗಿ ಕಾನೂನು ಇಳಿದ ಪ್ರಸಿದ್ಧ ನಿದರ್ಶನ 1786ರದು. ಆಗ ಸ್ಪೇನಿನ ವಶದಲ್ಲಿದ್ದ ಲೂಯಿಸಿಯಾನದ ಗವರ್ನರ್ ಎಸ್ತೆಬಾನ್ ಮಿರೊ, ಆಫ್ರಿಕಾ ಮೂಲದ ಸ್ವತಂತ್ರ ಹೆಂಗಸರು ಗರಿ, ಆಭರಣಗಳನ್ನು ಮುಡಿಯದೆ ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಗುಲಾಮಳ ಗುರುತಾಗಲೆಂದು ವಿಧಿಸಿದ ಆ ತಲೆವಸ್ತ್ರವನ್ನು, ಅಂದರೆ ಟಿಗ್ನಾನನ್ನು, ನ್ಯೂ ಆರ್ಲಿಯನ್ಸಿನ ಹೆಂಗಸರು ಬೆಲೆಬಾಳುವ ಬಣ್ಣದ ಬಟ್ಟೆಯಲ್ಲಿ ಎತ್ತರವಾಗಿ, ಚೆಲುವಾಗಿ ಕಟ್ಟತೊಡಗಿದ್ದರಿಂದ ಶಿಕ್ಷೆಯೇ ಶೃಂಗಾರವಾಯಿತು. ಆ ಬಟ್ಟೆಗಳಲ್ಲಿ ಹೆಸರುವಾಸಿಯಾಗಿದ್ದದ್ದು ನಮ್ಮ ಕೋರಮಂಡಲ ಕರಾವಳಿಯ ಕೈಮಗ್ಗಗಳಲ್ಲಿ ನೇಯ್ದು ಹಡಗೇರುತ್ತಿದ್ದ ಮದ್ರಾಸ್ ಚೌಕಳಿ.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಾಗ ಕೂದಲಿನ ಮೇಲಿನ ಒತ್ತಡ ಕಾನೂನಿನಿಂದ ಮಾರುಕಟ್ಟೆಗೆ ವರ್ಗವಾಯಿತು. ನೇರ ಕೂದಲು ಒಳ್ಳೆಯ ಕೂದಲು, ಗುಂಗುರು ಕೂದಲು ಕೆಟ್ಟ ಕೂದಲು ಎಂಬ ವಿಂಗಡಣೆ ಕಪ್ಪು ಸಮುದಾಯದ ಮನೆಗಳ ಒಳಗೂ ಬೇರೂರಿತ್ತು; ಕೆಲಸ, ಮದುವೆ, ಮರ್ಯಾದೆ ಮೂರಕ್ಕೂ ಅದರ ನಂಟಿತ್ತು. ಈ ಕಾಲದ ಮುಖ್ಯ ಹೆಸರುಗಳು ಸೇಂಟ್ ಲೂಯಿಸ್‌ನಲ್ಲಿ ಪೋರೊ ಸಂಸ್ಥೆಯನ್ನು ಕಟ್ಟಿದ ಆನ್ನಿ ಟರ್ನ್‌ಬೋ ಮಲೋನ್ ಹಾಗೂ ಒಂದು ಕಾಲಕ್ಕೆ ಆಕೆಯ ಸರಕನ್ನೇ ಮಾರುತ್ತಿದ್ದ ಮೇಡಂ ಸಿ. ಜೆ. ವಾಕರ್. 1867ರಲ್ಲಿ ಲೂಯಿಸಿಯಾನದ ಡೆಲ್ಟಾ ಎಂಬ ಊರಿನಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ತಂದೆತಾಯಿಗೆ ಹುಟ್ಟಿ, ಬಟ್ಟೆ ಒಗೆದು ಬದುಕಿದ ಸಾರಾ ಬ್ರೀಡ್‌ಲವ್ ಮುಂದೆ ಈ ಹೆಸರಿನಿಂದ ಖ್ಯಾತಳಾಗಿ, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಖಾನೆ ಸ್ಥಾಪಿಸಿ, ಸಾವಿರಾರು ಕಪ್ಪು ಹೆಂಗಸರಿಗೆ ಮನೆಗೆಲಸದ ಹೊರಗಿನ ಸಂಪಾದನೆಯ ದಾರಿ ತೋರಿಸಿ 1919ರಲ್ಲಿ ತೀರಿಕೊಂಡಳು. ಆಕೆಯನ್ನು ಕೂದಲು ನೇರಗೊಳಿಸಿದವಳೆಂದಷ್ಟೇ ನೆನೆಯುವುದು ಅನ್ಯಾಯ. ಆಕೆಯ ಮುಲಾಮಿನ ಮುಖ್ಯ ಅಂಶಗಳು ಗಂಧಕ ಮತ್ತು ಪೆಟ್ರೋಲಿಯಂ ಜೆಲ್ಲಿ. ನಲ್ಲಿನೀರು ಇಲ್ಲದ ಮನೆಗಳಲ್ಲಿ ಅಪರೂಪಕ್ಕೆ ತಲೆ ತೊಳೆಯುತ್ತಿದ್ದವರ ನೆತ್ತಿಯ ಹುಣ್ಣು, ಹೊಟ್ಟು, ಕೂದಲುದುರುವಿಕೆಗಳು ಆಕೆ ಮೊದಲು ಕೈಗೆತ್ತಿಕೊಂಡ ಸಮಸ್ಯೆಗಳು. ಆದರೂ ಆಕೆಯ ಪದ್ಧತಿಯಲ್ಲಿ ಕಾಯಿಸಿದ ಲೋಹದ ಬಾಚಣಿಗೆಗೆ ಜಾಗವಿತ್ತು, ಜನರ ಮನಸ್ಸಿನಲ್ಲಿ ಉಳಿದದ್ದೂ ಅದೇ.

ಕಾಯಿಸಿದ ಬಾಚಣಿಗೆಯ ಕೆಲಸ ತಾತ್ಕಾಲಿಕವಾದದ್ದು. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ದುರ್ಬಲವಾದ ಹೈಡ್ರೋಜನ್ ಬಂಧಗಳನ್ನು ಬಿಸಿ ಬಿಡಿಸುತ್ತದೆ, ಮಳೆಯ ಹನಿಯೋ ಬೆವರೋ ತಾಕಿದೊಡನೆ ಅವು ಮತ್ತೆ ಕೂಡಿಕೊಂಡು ಸುರುಳಿ ಮರಳುತ್ತದೆ. ಶಾಶ್ವತವಾಗಿ ನೇರಗೊಳಿಸಬೇಕಾದರೆ ಗಂಧಕದ ಬಲವಾದ ಬಂಧಗಳನ್ನೇ ಮುರಿಯಬೇಕು; ಅದಕ್ಕೆ ಬಳಕೆಯಾದದ್ದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಅದನ್ನು ಆಲೂಗಡ್ಡೆ, ಮೊಟ್ಟೆಗಳ ಜೊತೆ ಕಲಸಿ ಗಂಡಸರು ಮಾಡಿಕೊಳ್ಳುತ್ತಿದ್ದ ಕಾಂಕ್ ಎಂಬ ವಿನ್ಯಾಸದ ಉರಿಯನ್ನೂ, ಆ ಉರಿಯನ್ನು ತಾನು ಹೆಮ್ಮೆಯಿಂದ ಸಹಿಸಿಕೊಂಡ ಅವಮಾನವನ್ನೂ ಮಾಲ್ಕಂ ಎಕ್ಸ್ 1965ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ನಂತರ ಕಾರ್ಖಾನೆಗಳಿಂದ ಬಂದ ರಿಲ್ಯಾಕ್ಸರ್ ಎಂಬ ಲೇಪಗಳು ಉರಿಯನ್ನು ಕಡಿಮೆ ಮಾಡಿದರೂ ಅಪಾಯವನ್ನು ಕಳೆಯಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 70 ವರ್ಷ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಇಂಥ ರಾಸಾಯನಿಕಗಳನ್ನು ಬಳಸದವರಲ್ಲಿ ಶೇ. 1.64ರಷ್ಟಿದ್ದರೆ ಪದೇ ಪದೇ ಬಳಸುವವರಲ್ಲಿ ಶೇ. 4.05ರಷ್ಟು. ಇದು ನಂಟೇ ಹೊರತು ಕಾರಣವೆಂಬುದಕ್ಕೆ ಪುರಾವೆಯಲ್ಲ, ಆದರೆ ಕಡೆಗಣಿಸಬಹುದಾದ ಸಂಖ್ಯೆಯೂ ಅಲ್ಲ.

ಕೂದಲನ್ನು ಹುಟ್ಟಿದಂತೆಯೇ ಬಿಡುವ ಆಂದೋಲನಕ್ಕೆ ವೇದಿಕೆ ಒದಗಿಸಿದ್ದು ನ್ಯೂಯಾರ್ಕಿನ ಹಾರ್ಲೆಮ್. ಛಾಯಾಗ್ರಾಹಕ ಕ್ವಾಮೆ ಬ್ರಾಥ್‌ವೇಟ್ ಮತ್ತು ಸಂಗಡಿಗರು 1962ರ ಜನವರಿಯಲ್ಲಿ ಅಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಗ್ರಾಂಡಾಸಾ ಮಾಡೆಲ್‌ಗಳೆಂಬ ಹೆಸರಿನ ಹೆಂಗಸರು ನೇರಗೊಳಿಸದ ಕೂದಲಿನೊಂದಿಗೆ ವೇದಿಕೆ ಏರಿದರು. ದಶಕ ಮುಗಿಯುವಷ್ಟರಲ್ಲಿ ತಲೆಯ ಸುತ್ತ ದುಂಡಗೆ ಹರಡಿದ ಆಫ್ರೊ ವಿನ್ಯಾಸ ರಾಜಕೀಯ ನಿಲುವಿನ ಗುರುತಾಯಿತು. 1970ರಲ್ಲಿ ಕಪ್ಪು ಹೋರಾಟಗಾರ್ತಿ ಏಂಜೆಲಾ ಡೇವಿಸ್ ಹೆಸರು ಪೊಲೀಸರು ಹುಡುಕುತ್ತಿದ್ದವರ ಪಟ್ಟಿಗೆ ಸೇರಿದಾಗ ಆಫ್ರೊ ಬಿಟ್ಟಿದ್ದ ಎಷ್ಟೋ ಹೆಂಗಸರು ಕೂದಲಿನ ಕಾರಣಕ್ಕೇ ಕಿರುಕುಳಕ್ಕೊಳಗಾದರೆಂದು ಆಕೆಯೇ ಬರೆದಿದ್ದಾರೆ. ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಆಫ್ರಿಕಾದ ಹೆಸರು ಹೊತ್ತಿದ್ದರೂ ಆಫ್ರೊ ಪಶ್ಚಿಮ ಆಫ್ರಿಕಾದ ಪರಂಪರೆಯ ವಿನ್ಯಾಸವಲ್ಲ. ಅಲ್ಲಿನ ಅನೇಕ ಸಮಾಜಗಳಲ್ಲಿ ಹೆಣೆಯದೆ ಬಿಟ್ಟ ಕೂದಲು ಸೂತಕವನ್ನೋ ಬುದ್ಧಿಭ್ರಮಣೆಯನ್ನೋ ಸೂಚಿಸುತ್ತಿತ್ತು. ವಿದ್ವಾಂಸ ಕೊಬೇನಾ ಮರ್ಸರ್ 1987ರ ತಮ್ಮ ಪ್ರಬಂಧದಲ್ಲಿ ಈ ಅಂಶವನ್ನು ಎತ್ತಿ, ಆಫ್ರೊ ಕೂಡ ಬಾಚಿ, ಕತ್ತರಿಸಿ ರೂಪಿಸಿದ ಹೊಸಲೋಕದ ಸೃಷ್ಟಿಯೆಂದು ವಾದಿಸಿದರು. ನೈಸರ್ಗಿಕವೆಂದು ಎಲ್ಲರೂ ಒಪ್ಪಿದ ವಿನ್ಯಾಸವೂ ಕೈಕೆಲಸವೇ ಎಂಬ ಈ ತಿಳಿವು ನ್ಯಾಯಾಲಯಗಳನ್ನು ತಲುಪಿರಲಿಲ್ಲ.

ಅದರ ಫಲವೇ 1981ರ ರೋಜರ್ಸ್ ಪ್ರಕರಣ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಉದ್ಯೋಗಿಯಾಗಿದ್ದ ರೆನೀ ರೋಜರ್ಸ್ ತಲೆತುಂಬ ಕಾರ್ನ್‌ರೋ ಹೆಣೆಸಿಕೊಂಡಿದ್ದು, ಗ್ರಾಹಕರೆದುರು ಕೆಲಸ ಮಾಡುವವರಿಗೆ ಅಂಥ ಜಡೆ ಸಲ್ಲದೆಂಬ ಸಂಸ್ಥೆಯ ನಿಯಮವನ್ನು ನ್ಯೂಯಾರ್ಕಿನ ಸಂಯುಕ್ತ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆಫ್ರೊ ಹುಟ್ಟುಗುಣಕ್ಕೆ ಸಂಬಂಧಿಸಿದ್ದಾದ್ದರಿಂದ ಅದನ್ನು ನಿಷೇಧಿಸುವುದು ತಾರತಮ್ಯವಾಗಬಹುದು, ಆದರೆ ಜಡೆಯು ಕೂದಲಿನ ಸಹಜ ಗುಣದಿಂದ ಬಂದದ್ದಲ್ಲ, ಕೃತಕವಾಗಿ ಮಾಡಿಕೊಂಡದ್ದು, ಸುಲಭವಾಗಿ ಬದಲಿಸಬಹುದಾದದ್ದು ಎಂದು ನ್ಯಾಯಾಲಯ ಬಗೆಯಿತು. 1979ರ ‘10’ ಎಂಬ ಚಲನಚಿತ್ರದಲ್ಲಿ ಬಿಳಿಯ ನಟಿ ಬೋ ಡೆರೆಕ್ ಇಂಥ ಜಡೆ ಹಾಕಿಕೊಂಡ ನಂತರವೇ ಅದು ಜನಪ್ರಿಯವಾಯಿತೆಂಬ ಸಂಸ್ಥೆಯ ವಾದವೂ ತೀರ್ಪಿನಲ್ಲಿ ಸ್ಥಾನ ಪಡೆಯಿತು. ಜಡೆಯನ್ನು ಗಂಟು ಹಾಕಿ ಮೇಲೊಂದು ಕೃತಕ ಕೂದಲಿನ ಹೊದಿಕೆ ಧರಿಸಿದರೆ ಅಭ್ಯಂತರವಿಲ್ಲವೆಂದು ಸಂಸ್ಥೆ ಸೂಚಿಸಿತ್ತು, ಅದರಿಂದ ತಲೆನೋವು ಬರುತ್ತದೆಂದು ರೋಜರ್ಸ್ ದೂರಿದ್ದರು. ಒಣಗುವ, ತಿರುವಿನಲ್ಲಿ ಮುರಿಯುವ ಕೂದಲಿಗೆ ಹೆಣಿಗೆಯೇ ಆಸರೆ ಎಂಬ, ಯಾವ ಒನಿದಿರಿಯೂ ಒಂದು ವಾಕ್ಯದಲ್ಲಿ ಹೇಳಬಹುದಾಗಿದ್ದ ಸಂಗತಿಗೆ ಆ ತೀರ್ಪಿನಲ್ಲಿ ಬೆಲೆ ಸಿಗಲಿಲ್ಲ. ಮುಂದಿನ ಮೂರು ದಶಕಗಳ ಹಲವು ಮೊಕದ್ದಮೆಗಳು ಅದರ ನೆರಳಿನಲ್ಲೇ ನಡೆದವು.

ಇದೇ ಅವಧಿಯಲ್ಲಿ ಹೆಣಿಗೆಯ ಕಸುಬು ದೊಡ್ಡ ಉದ್ಯಮವಾಗಿಯೂ ಬೆಳೆಯಿತು. ಉದ್ದನೆಯ ಬಿಡಿಜಡೆಗಳಿಗೆ ಸೇರಿಸುವ ಎಳೆಗಳು ಹೆಚ್ಚಾಗಿ ಕೃತಕ ನಾರಿನವು; ನೇರ ಕೂದಲಿನ ಟೋಪನ್ನು, ಅಥವಾ ನೆತ್ತಿಯ ಮೇಲಿನ ಸಾಲುಹೆಣಿಗೆಗೆ ಹೊಲಿದು ಸೇರಿಸುವ ಕೂದಲಿನ ಪಟ್ಟಿಯನ್ನು ಬಯಸುವವರಿಗೆ ಮಾತ್ರ ಮನುಷ್ಯರ ಕೂದಲು ಬೇಕು, ಅದರ ಬಹುಭಾಗ ಹೋಗುವುದು ಭಾರತದಿಂದ. ತಿರುಮಲದಲ್ಲಿ ಭಕ್ತರು ಒಪ್ಪಿಸುವ ಮುಡಿ ಈ ವ್ಯಾಪಾರದ ಮೇಲ್ದರ್ಜೆಯ ಸರಕು; 2009ರ ‘ಗುಡ್ ಹೇರ್’ ಎಂಬ ಸಾಕ್ಷ್ಯಚಿತ್ರ ಅಮೆರಿಕದ ಪ್ರೇಕ್ಷಕರಿಗೆ ಅದರ ಜಾಡನ್ನು ತೋರಿಸಿತು. ಕರ್ನಾಟಕದ ಪಾಲು ಇನ್ನೊಂದು ಬಗೆಯದು. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲನ್ನು ಹೆಂಗಸರು ಉಂಡೆಗಟ್ಟಿ ಗೋಡೆಯ ಸಂದಿಯಲ್ಲಿ ಕೂಡಿಟ್ಟು, ಬೀದಿಗೆ ಬರುವ ವ್ಯಾಪಾರಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಪಡೆಯುತ್ತಾರೆ. ಅಂಥ ಉಂಡೆಗಳು ಬಂದು ಸೇರುವ ಮುಖ್ಯ ನೆಲೆಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರವೂ ಒಂದು. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುವ ಕೆಲಸದಲ್ಲಿ ದುಡಿಯುವವರೂ ಹೆಚ್ಚಾಗಿ ಹೆಂಗಸರೇ. ಜಡೆಗೆ ಚೌರಿ ಸೇರಿಸುವುದನ್ನು ತಲೆತಲಾಂತರದಿಂದ ಬಲ್ಲ ನಾಡಿಗೆ ಸೇರಿಸುಗೂದಲಿನ ಕಲ್ಪನೆ ಹೊಸದೇನಲ್ಲ. ತಮ್ಮ ಕೈಯಲ್ಲಿ ಹಾದುಹೋಗುವ ಎಳೆಗಳು ಕೊನೆಗೆ ಯಾವ ತಲೆಯನ್ನು ಸೇರುತ್ತವೆಂಬುದರ ಚರಿತ್ರೆ ಮಾತ್ರ ಆ ಕೈಗಳಿಗೆ ಇನ್ನೂ ತಲುಪಬೇಕಾಗಿದೆ.

ಕಾನೂನಿನ ದಿಕ್ಕು ಬದಲಾದದ್ದು ತೀರ ಇತ್ತೀಚೆಗೆ. ಅಮೆರಿಕದ ಭೂಸೇನೆ 2014ರಲ್ಲಿ ಜಟೆಯನ್ನೂ ಹಲವು ಬಗೆಯ ಹುರಿಗೂದಲು, ಜಡೆಗಳನ್ನೂ ನಿಷೇಧಿಸಿದಾಗ ಮಹಿಳಾ ಯೋಧರಿಂದ ಬಂದ ಪ್ರತಿಭಟನೆ ಅದೇ ವರ್ಷ ನಿಯಮವನ್ನು ಸಡಿಲಿಸಿತು, 2017ರಲ್ಲಿ ಜಟೆಗೂ ಅನುಮತಿ ದೊರೆಯಿತು. 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಹೆಣ್ಣುಮಕ್ಕಳ ಶಾಲೆಯ ವಿದ್ಯಾರ್ಥಿನಿಯರು ಆಫ್ರೊ ಬಿಡುವ ಹಕ್ಕಿಗಾಗಿ ಹೋರಾಡಿದರು. ಕೂದಲಿಗೆ ಸಿಕ್ಕಿಸಿದ ಪೆನ್ಸಿಲ್ ಬೀಳುತ್ತದೆಯೋ ನಿಲ್ಲುತ್ತದೆಯೋ ಎಂದು ನೋಡಿ ಜನರ ಜನಾಂಗವನ್ನು ನಿರ್ಧರಿಸಿದ್ದ ದೇಶದಲ್ಲಿ ಅದು ಶಾಲೆಯೊಂದರ ಶಿಸ್ತಿನ ವಿಷಯವಾಗಿ ಉಳಿಯುವುದು ಸಾಧ್ಯವಿರಲಿಲ್ಲ. 2019ರ ಜುಲೈ 3ರಂದು ಕ್ಯಾಲಿಫೋರ್ನಿಯಾ ಅಂಗೀಕರಿಸಿದ ಕ್ರೌನ್ ಕಾಯಿದೆ ಜನಾಂಗದ ವ್ಯಾಖ್ಯೆಯೊಳಗೆ ಕೂದಲಿನ ಗುಣವನ್ನು ಮಾತ್ರವಲ್ಲದೆ ರಕ್ಷಕ ವಿನ್ಯಾಸಗಳನ್ನೂ ಸೇರಿಸಿ, ಜಡೆ, ಜಟೆ, ಹುರಿಗೂದಲುಗಳನ್ನು ಹೆಸರಿಸಿತು. ಕಸುಬಿನವರ ಮಾತೊಂದು ಶಾಸನದ ಮಾತಾದದ್ದು, ರೋಜರ್ಸ್ ತೀರ್ಪು ಬೇರ್ಪಡಿಸಿದ್ದ ಕೂದಲನ್ನೂ ಹೆಣಿಗೆಯನ್ನೂ ಮತ್ತೆ ಕೂಡಿಸಿದ್ದು ಈ ಕಾಯಿದೆಯ ನಿಜವಾದ ಹೆಚ್ಚುಗಾರಿಕೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇದೇ ಮಾದರಿಯನ್ನು ಅನುಸರಿಸಿದವು.

ಟೆಕ್ಸಸ್‌ನಲ್ಲಿ ಅದು 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಅದೇ ವಾರ ಅಲ್ಲಿನ ಪ್ರೌಢಶಾಲೆಯೊಂದರ ವಿದ್ಯಾರ್ಥಿಯನ್ನು, ನೆತ್ತಿಯ ಮೇಲೆ ಎತ್ತಿ ಕಟ್ಟಿದ ಆತನ ಜಟೆಯನ್ನು ಇಳಿಬಿಟ್ಟರೆ ಹುಡುಗರಿಗೆ ನಿಗದಿಯಾದ ಉದ್ದವನ್ನು ಮೀರುತ್ತದೆಂಬ ಕಾರಣಕ್ಕೆ ತರಗತಿಯಿಂದ ಹೊರಗಿಡಲಾಯಿತು. ಕಾಯಿದೆ ವಿನ್ಯಾಸವನ್ನು ರಕ್ಷಿಸುತ್ತದೆಯೇ ಹೊರತು ಉದ್ದದ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಶಾಲೆಯ ನಿಯಮ ಅದನ್ನು ಉಲ್ಲಂಘಿಸುವುದಿಲ್ಲ ಎಂದು 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಜಟೆಯನ್ನು ಜಡೆಯಂತೆ ಬಿಚ್ಚಿ ಮತ್ತೆ ಗಿಡ್ಡವಾಗಿ ಹೆಣೆಯಲು ಬರುವುದಿಲ್ಲ. ಸಹಜವಾಗಿ ಉದುರುವ ಕೂದಲೂ ಹೊರಬೀಳದೆ ಅದರೊಳಗೇ ಹೆಣೆದುಕೊಂಡು, ಎಳೆಗಳು ತಿಂಗಳುಗಟ್ಟಲೆ ಒಂದಕ್ಕೊಂದು ಬೆಸೆದುಕೊಂಡ ಮೇಲೆಯೇ ಅದು ಜಟೆಯಾಗುವುದು, ಕತ್ತರಿ ಹಾಕದೆ ಅದನ್ನು ಮೋಟು ಮಾಡುವ ಉಪಾಯ ಯಾವ ಕಸುಬುದಾರಳ ಬಳಿಯೂ ಇಲ್ಲ.